ಲೀಲವ್ವನ ಕಾರಿನ ಹಿಂದಿನ ಎರಡು ಟೈರು

2022ರ ಜೂನ್ ತಿಂಗಳು. ಇಳಕಲ್ಲಿನ ಹೆದ್ದಾರಿ ಬದಿಗೆ ನಾನು ಟೈರ್ ಅಂಗಡಿ ತೆರೆದು ಆಗ ಹದಿನೇಳು ವರ್ಷವಾಗಿತ್ತು. ಈ ಕಸುಬಿಗೆ ಕೈ ಹಾಕಿ ಮೂವತ್ತೊಂದು ವರ್ಷ. ಅಂಗಡಿಯ ಬೋರ್ಡಿನ ಮೇಲೆ ‘ವ್ಹೀಲ್ ಅಲೈನ್‌ಮೆಂಟ್, ಬ್ಯಾಲೆನ್ಸಿಂಗ್, ಸಲಹೆ’ ಎಂದು ಬರೆಸಿದ್ದೆ. ಆ ಕೊನೆಯ ಮೂರಕ್ಷರ ನಾನೇ ಹಟ ಹಿಡಿದು ಸೇರಿಸಿದ್ದು. ಟೈರ್ ಮಾರುವವರು ಊರಲ್ಲಿ ಹತ್ತು ಮಂದಿ ಇದ್ದಾರೆ, ಯಾವ ಗಾಡಿಗೆ ಯಾವ ಟೈರು ಎಂದು ಹೇಳಬಲ್ಲವನು ಈ ದಾವಲಸಾಬ ಒಬ್ಬನೇ ಎಂಬ ಸೊಕ್ಕು ನನಗಿತ್ತು. ಆ ಸೊಕ್ಕು ಒಂದು ಸೋಮವಾರ ಬೆಳಗ್ಗೆ ಏಳೂ ನಲವತ್ತಕ್ಕೆ ಇಳಿಯಿತು.

ಕಥೆ ಲೀಲವ್ವನಿಂದ ಶುರುವಾಗಬೇಕು. ಪೂರ್ತಿ ಹೆಸರು ಶಿವಲೀಲಾ. ಅಪ್ಪ ತೀರಿಕೊಂಡ ಮೇಲೆ ಗ್ರಾನೈಟ್ ಪಾಲಿಶ್ ಫ್ಯಾಕ್ಟರಿಯನ್ನೂ ಹದಿನಾಲ್ಕು ಲಾರಿಗಳ ಯಾರ್ಡನ್ನೂ ನಡೆಸುತ್ತಿರುವವಳು ಅವಳೇ. ಆಗ ಅವಳಿಗೆ ಮೂವತ್ನಾಲ್ಕು. ಅಜ್ಜ ಕುರಿ ಕಾಯ್ದವರು, ಅಪ್ಪ ಒಂದೇ ಲಾರಿಯಿಂದ ಶುರು ಮಾಡಿದವರು. ಯಾರ್ಡಿನ ಗೇಟಿನ ಮೇಲೂ ಅವಳ ಕಾರಿನ ಡ್ಯಾಶ್‌ಬೋರ್ಡಿನ ಮೇಲೂ ಕುಲದೇವರು ಬೀರಪ್ಪನ ಫೋಟೊ ಇದೆ. ಆ ಕಾರಂತೂ ಇಳಕಲ್ಲಿಗೇ ಹೊಸ ಸೋಜಿಗ. ಪುಣೆಯಲ್ಲಿ ಸೆಕೆಂಡ್ ಹ್ಯಾಂಡ್ ಕೊಂಡದ್ದು. ಹಳದಿ ಬಣ್ಣ, ಎರಡೇ ಬಾಗಿಲು, ಸೀಟಿನ ಬೆನ್ನಿಗೇ ಎಂಜಿನ್, ಮುನ್ನೂರೈವತ್ತು ಕುದುರೆ ಶಕ್ತಿ, ನೆಲಕ್ಕೂ ಅದರ ಹೊಟ್ಟೆಗೂ ಒಂದು ಗೇಣಿಲ್ಲ. ನಮ್ಮ ಓಣಿಯ ಹಿರಿಯರೊಬ್ಬರು ಅದನ್ನು ಸುತ್ತು ಹಾಕಿ ನೋಡಿ, ಇದರಲ್ಲಿ ಒಂದು ಜೋಳದ ಚೀಲ ಇಡಲೂ ಜಾಗವಿಲ್ಲ, ಮತ್ತೆ ಯಾಕೆ ತಂದಳು ಎಂದು ನನ್ನನ್ನೇ ವಿಚಾರಿಸಿದ್ದರು.

ಯಾಕೆ ತಂದಳೆಂದರೆ, ಓಡಿಸುವುದಕ್ಕೆ. ವರ್ಷಕ್ಕೆ ನಾಲ್ಕು ಸಲ ಅವಳು ಕೊಯಮತ್ತೂರಿನ ಕಡೆಯ ರೇಸ್ ಟ್ರ್ಯಾಕಿಗೆ ಹೋಗುತ್ತಿದ್ದಳು. ಪಂದ್ಯಕ್ಕಲ್ಲ. ‘ಟ್ರ್ಯಾಕ್ ಡೇ’ ಎಂದು ದಿನವಿಡೀ ಟ್ರ್ಯಾಕ್ ಬಿಟ್ಟುಕೊಡುತ್ತಾರೆ, ತರಬೇತುದಾರರು ಪಕ್ಕದಲ್ಲಿ ಕುಳಿತು ಕಲಿಸುತ್ತಾರೆ. ಅಲ್ಲಿನ ನೇರ ದಾರಿಯಲ್ಲಿ ಅವಳು ಗಂಟೆಗೆ ಇನ್ನೂರರ ಹತ್ತಿರ ಹೋಗುತ್ತಿದ್ದಳು. ಉಳಿದ ದಿನಗಳಲ್ಲಿ ಅದೇ ಕಾರು ಹುನಗುಂದಕ್ಕೆ, ಬಾಗಲಕೋಟೆಗೆ, ಬ್ಯಾಂಕಿಗೆ. ಹೀಗೆ ರಸ್ತೆಗೂ ಟ್ರ್ಯಾಕಿಗೂ ಒಂದೇ ಕಾರು ಬಳಸುವವರಿಗೆ ಟೈರ್ ಆರಿಸಿಕೊಡುವುದು ನನ್ನ ಕಸುಬಿನಲ್ಲೇ ಎಲ್ಲಕ್ಕಿಂತ ತಲೆತಿನ್ನುವ ಕೆಲಸ.

ಯಾಕೆಂದು ಸ್ವಲ್ಪ ಬಿಡಿಸಿ ಹೇಳುತ್ತೇನೆ. ರಸ್ತೆಯ ಟೈರಿಗೆ ಗೀರು ಹೆಚ್ಚು ಬೇಕು. ಮಳೆ ಬಂದಾಗ ಟೈರಿನಡಿಯ ನೀರು ಆ ಗೀರುಗಳ ಮೂಲಕ ಹೊರಗೆ ಹೋಗುತ್ತದೆ. ಇಲ್ಲದಿದ್ದರೆ ಕಾರು ನೀರಿನ ಮೇಲೆ ತೇಲಿ ಎಲ್ಲಿ ಬೇಕೋ ಅಲ್ಲಿ ಹೋಗುತ್ತದೆ. ಟ್ರ್ಯಾಕಿನ ಟೈರಿಗೆ ಇದರ ಉಲ್ಟಾ. ಗೀರು ಕಡಿಮೆಯಿದ್ದಷ್ಟೂ ನೆಲಕ್ಕೆ ತಾಗುವ ರಬ್ಬರು ಹೆಚ್ಚು, ಹಿಡಿತ ಹೆಚ್ಚು. ಪೂರ್ತಿ ಬೋಳಾದದ್ದು ಸ್ಲಿಕ್. ಅದು ರಸ್ತೆಗೆ ನಿಷಿದ್ಧ. ನಡುವಿನದು ಸೆಮಿ-ಸ್ಲಿಕ್: ಮಧ್ಯಕ್ಕೆ ಎರಡು ಉದ್ದ ಗೀರು, ಹೊರಗಿನ ಅಂಚು ಬೋಳು, ರಬ್ಬರು ಮೆತ್ತಗೆ. ಟೈರಿನ ಬದಿಯಲ್ಲಿ ‘ಟ್ರೆಡ್‌ವೇರ್’ ಎಂಬ ಸಂಖ್ಯೆ ಇರುತ್ತದೆ. ಮುನ್ನೂರು ಎಂದಿದ್ದರೆ ಬಹಳ ಬಾಳುತ್ತದೆ, ನೂರರ ಹತ್ತಿರ ಬಂದರೆ ಅಂಟಿಕೊಳ್ಳುತ್ತದೆ, ಆದರೆ ಬೇಗ ಸವೆಯುತ್ತದೆ.

ಎರಡು ಸೆಟ್ ಇಟ್ಟುಕೋ, ಒಂದು ರಸ್ತೆಗೆ ಒಂದು ಟ್ರ್ಯಾಕಿಗೆ ಎಂದು ನಾನು ಹೇಳಿದೆ. ಅವಳ ತಕರಾರೂ ಸರಿಯೇ ಇತ್ತು: ಟ್ರ್ಯಾಕಿನ ನಾಲ್ಕು ಗಾಲಿ ಹೊತ್ತುಕೊಂಡು ಹೋಗಲು ಆ ಕಾರಿನಲ್ಲಿ ಜಾಗವೆಲ್ಲಿ? ಹಾಕಿಕೊಂಡೇ ಹೋಗಬೇಕು. ಕೊನೆಗೆ ಇನ್ನೂರರ ಟ್ರೆಡ್‌ವೇರ್ ಇರುವ, ರಸ್ತೆಗೂ ಪರವಾನಗಿ ಇರುವ ಸೆಮಿ-ಸ್ಲಿಕ್ ಆರಿಸಿದೆವು. ಮುಂದಕ್ಕೆ 235, ಹಿಂದಕ್ಕೆ 265 ಮಿಲಿಮೀಟರು ಅಗಲ, ಹತ್ತೊಂಬತ್ತು ಇಂಚಿನ ರಿಮ್. ತಯಾರಾದ ವಾರ, ಭಾರದ ಸಂಖ್ಯೆ, ವೇಗದ ಅಕ್ಷರ ಎಲ್ಲ ಮೂರು ಸಲ ನೋಡಿದೆ. ತಣ್ಣಗಿದ್ದಾಗ ಮೂವತ್ತು ಪೌಂಡ್ ಗಾಳಿ, ಬಿಸಿಯಾದ ಮೇಲೆ ಮೂವತ್ತಾರು ದಾಟಬಾರದು, ಮಳೆಯಲ್ಲಿ ಅರವತ್ತರ ಮೇಲೆ ಬಿಡಬಾರದು ಎಂದು ಚೀಟಿ ಬರೆದುಕೊಟ್ಟೆ. ಶನಿವಾರ ನಾಲ್ಕೂ ಟೈರು ಹಾಕಿ, ಬ್ಯಾಲೆನ್ಸ್ ಮಾಡಿ ಕಳಿಸಿದೆ. ಇಷ್ಟೆಲ್ಲ ಮಾಡಿಯೂ ಒಂದು ಮಾತು ಹೇಳುವುದನ್ನು ಬಿಟ್ಟೆ. ಅದೂ ಲೀಲವ್ವನಿಗೆ ಹೇಳಬೇಕಾದದ್ದಲ್ಲ, ಯಮನಪ್ಪನಿಗೆ.

ಯಮನಪ್ಪ ನನ್ನ ಉಸ್ತಾದ. ಹದಿನಾಲ್ಕರ ವಯಸ್ಸಿನಲ್ಲಿ ನನ್ನ ಕೈಗೆ ಟೈರ್ ಬಿಚ್ಚುವ ಮೊದಲ ಲಿವರ್ ಕೊಟ್ಟವನು. ಆಗ ಅರವತ್ತೆಂಟು ದಾಟಿದ್ದ, ಲೀಲವ್ವನ ಯಾರ್ಡಿನ ಲಾರಿಗಳ ಟೈರನ್ನೆಲ್ಲ ಅವನೇ ನೋಡುತ್ತಿದ್ದ. ನಾನು ಮುಂದೆ ಕಂಪನಿಯ ತರಬೇತಿಗೆ ಹೋದೆ, ಮಷಿನ್ ತಂದೆ, ಇಂಗ್ಲಿಷಿನ ನಾಲ್ಕು ಅಕ್ಷರ ಕಲಿತೆ. ಅವನು ಕೈಯನ್ನೇ ನಂಬಿ ಉಳಿದ. ಅವನ ಕೈಯ ಒಂದು ವಿದ್ಯೆಗೆ ವಿಜಯಪುರದಿಂದಲೂ ಲಾರಿಗಳು ಬರುತ್ತಿದ್ದವು: ಸವೆದ ಟೈರಿಗೆ ಗೀರು ಹೊಡೆಯುವುದು. ಕರೆಂಟಿನಿಂದ ಕಾಯುವ ಬಾಗಿದ ಬ್ಲೇಡು ಹಿಡಿದು ಸವೆದ ಗೀರನ್ನು ಮತ್ತೆ ಆಳ ಮಾಡುತ್ತಾರೆ. ಲಾರಿ ಟೈರಿನಲ್ಲಿ ಗೀರಿನ ಕೆಳಗೂ ದಪ್ಪ ರಬ್ಬರು ಬಿಟ್ಟಿರುತ್ತಾರೆ, ಹೀಗೆ ಕೊರೆಯಲೆಂದೇ. ಯಮನಪ್ಪ ಎಳೆದ ಗೀರು ದಾರ ಹಿಡಿದು ಎಳೆದಷ್ಟು ನೆಟ್ಟಗೆ. ಮಳೆಗಾಲ ಶುರುವಾದರೆ ಗಾಡಿಗಳಿಗೆ ಗೀರು ಹೊಡೆದು ಬಿಡುವುದು ಅವನಿಗೆ ದೇವರಿಗೆ ದೀಪ ಹಚ್ಚಿದಷ್ಟೇ ನೇಮದ ಕೆಲಸ.

ಶನಿವಾರ ಅವನು ನನ್ನ ಅಂಗಡಿಗೆ ಬಂದು ಬಾಕಿನ ಮೇಲೆ ಕುಳಿತು ಚಹಾ ಕುಡಿಯುತ್ತಿದ್ದ. ಹೊರಗೆ ಮೋಡ ಕಟ್ಟಿತ್ತು. ಹೊಸ ಟೈರಿನ ಬೋಳು ಅಂಚನ್ನು ಕೈಯಿಂದ ಸವರಿ ಅವನು ಏನೂ ಅನ್ನಲಿಲ್ಲ. ಅಂದವನು ನಾನು. ಉಸ್ತಾದನ ಎದುರು ಗೊಣಗುವುದು ನನ್ನ ಚಾಳಿ. “ಇವಕ್ಕ ಇನ್ನ ನಾಕ ಗೀರು ಇದ್ದಿದ್ರ ನನ್ನ ಜೀವಕ್ಕ ಸಮಾಧಾನ ಇರ್ತಿತ್ತು ಉಸ್ತಾದ, ಮಳಿ ಹತ್ತೇತಿ,” ಅಂದೆ. ಅವನು ತಲೆಯಾಡಿಸಿದ. ನಾನು ಆ ಮಾತನ್ನು ಅಲ್ಲೇ ಮರೆತೆ.

ಸೋಮವಾರ ಲೀಲವ್ವ ಹೊರಡುವವಳಿದ್ದಳು. ತಾಯಿಯನ್ನು ಬಾದಾಮಿಯಲ್ಲಿ ಚಿಕ್ಕಮ್ಮನ ಮನೆಗೆ ಬಿಟ್ಟು, ಕುಳಗೇರಿ ಕ್ರಾಸಿನಿಂದ ಹುಬ್ಬಳ್ಳಿ ದಾರಿ ಹಿಡಿದು, ಅಲ್ಲಿ ಇನ್ನಿಬ್ಬರು ಕಾರಿನವರ ಜೊತೆ ಕೂಡಿಕೊಂಡು ಮುಂದೆ ಕೊಯಮತ್ತೂರಿಗೆ. ಕೊನೆಗೊಮ್ಮೆ ಗಾಳಿ ನೋಡಲು ಏಳೂವರೆಗೆ ಯಾರ್ಡಿಗೆ ಬರುತ್ತೇನೆ ಎಂದಿದ್ದೆ. ಅವಳ ಹಳೆಯ ರಸ್ತೆ ಟೈರುಗಳನ್ನು ಹಳೆಯ ರಿಮ್ಮಿನ ಸಮೇತ ಯಾರ್ಡಿನಲ್ಲಿ ಇಡುವುದಿತ್ತು. ಅವನ್ನೂ ನನ್ನ ಪಿಕಪ್ಪಿಗೆ ಹೇರಿಕೊಂಡು ಹೊರಟೆ. ದಾರಿಯಲ್ಲಿ ರೇಲ್ವೆ ಕೆಲಸದ ಟಿಪ್ಪರ್ ಅಡ್ಡ ನಿಂತು ಹತ್ತು ನಿಮಿಷ ತಡವಾಯಿತು.

ಯಾರ್ಡಿನಲ್ಲಿ ಕಾರು ಇರಲಿಲ್ಲ. ನಿಂಬೆಹಣ್ಣು ನಾಲ್ಕು ಚಪ್ಪಟೆಯಾಗಿ ಬಿದ್ದಿದ್ದವು, ತೆಂಗಿನಕಾಯಿಯ ನೀರು ಇನ್ನೂ ಆರಿರಲಿಲ್ಲ. ಸೋಮವಾರ ಏಳೂವರೆಗೆ ರಾಹುಕಾಲ ಶುರು, ಅದರೊಳಗೆ ಗಾಡಿ ಗೇಟು ದಾಟಬೇಕೆಂದು ತಾಯಿ ಅವಸರ ಮಾಡಿ ಏಳಕ್ಕೇ ಹೊರಡಿಸಿದ್ದಳಂತೆ. ಇರಲಿ, ಗಾಳಿ ನಾನೇ ಶನಿವಾರ ಹಾಕಿದ್ದು, ಹೆಚ್ಚುಕಡಿಮೆ ಆಗಿರಲಿಕ್ಕಿಲ್ಲ ಎಂದುಕೊಂಡೆ. ರಸ್ತೆ ಟೈರುಗಳನ್ನು ಇಳಿಸಲು ಟೈರ್ ಶೆಡ್ಡಿಗೆ ಕಾಲಿಟ್ಟೆ.

ನೆಲದ ಮೇಲೆ ಕರಿ ರಬ್ಬರಿನ ಎಳೆಗಳು ಬಿದ್ದಿದ್ದವು, ಒಣಗಹಾಕಿದ ಶಾವಿಗೆಯಂತೆ. ಗೀರು ಹೊಡೆದಾಗ ಬರುವ ಎಳೆಗಳು. ಆ ಶೆಡ್ಡಿನಲ್ಲಿ ಅವು ಯಾವತ್ತೂ ಇರುವವೇ. ಒಂದು ನನ್ನ ಚಪ್ಪಲಿಗೆ ಅಂಟಿಕೊಂಡಿತು. ಲಾರಿ ರಬ್ಬರು ಅಂಟುವುದಿಲ್ಲ. ಬಗ್ಗಿ ಕಿತ್ತು ಬೆರಳಲ್ಲಿ ಹಿಚುಕಿ ನೋಡಿದೆ: ಮೆತ್ತಗೆ, ಹೊಸದು. ಬೆಳಕಿಗೆ ಹಿಡಿದೆ. ಎಳೆಯ ತಳದಲ್ಲಿ ಬಿಳಿ ದಾರದ ತುಂಡೊಂದು ಇತ್ತು. ಇನ್ನೊಂದು ಎಳೆ ಎತ್ತಿದೆ. ಅದರಲ್ಲೂ ಇತ್ತು.

ಆ ದಾರ ಏನೆಂದು ಹೇಳದಿದ್ದರೆ ನನಗಾದದ್ದು ನಿಮಗೆ ತಿಳಿಯುವುದಿಲ್ಲ. ಕಾರಿನ ಟೈರಿನ ಮೇಲ್ಭಾಗದ ರಬ್ಬರು, ಅಂದರೆ ಟ್ರೆಡ್, ಹೊಸದಿದ್ದಾಗಲೇ ಆರು ಮಿಲಿಮೀಟರು. ಅದರ ಕೆಳಗೆ ಎರಡು ಮಿಲಿಮೀಟರು ಕೂಡ ಇಲ್ಲ, ನೈಲಾನ್ ದಾರದ ಸುತ್ತು ಬರುತ್ತದೆ. ಅದರಡಿ ಉಕ್ಕಿನ ತಂತಿಯ ಪಟ್ಟಿ. ಗಾಲಿ ಜೋರಾಗಿ ತಿರುಗುವಾಗ ಟೈರು ತನ್ನನ್ನು ತಾನೇ ಹರಿದುಕೊಂಡು ಹೊರಗೆ ಹಾರಲು ನೋಡುತ್ತದೆ. ಬಿಗಿದು ಹಿಡಿಯುವುದು ಆ ನೈಲಾನ್ ಸುತ್ತು. ವೇಗ ಎರಡು ಪಟ್ಟಾದರೆ ಆ ಎಳೆತ ನಾಲ್ಕು ಪಟ್ಟಾಗುತ್ತದೆ. ಲಾರಿ ಟೈರಿಗೆ ಕೊರೆಯುವ ಆಳದಲ್ಲಿ ಇದನ್ನು ಕೊರೆದರೆ ದಾರವೇ ತುಂಡು. ನೂರಿಪ್ಪತ್ತರ ವೇಗದಲ್ಲಿ ಆ ಗಾಲಿ ಒಂದು ಸೆಕೆಂಡಿಗೆ ಹದಿನೈದು ಸುತ್ತು ತಿರುಗುತ್ತದೆ. ಯಾವ ಸುತ್ತಿನಲ್ಲಿ ಟ್ರೆಡ್ ಕಿತ್ತು ಹೋಗುತ್ತದೆಂದು ಯಾರೂ ಹೇಳಲಾರರು.

ಯಮನಪ್ಪ ಹಿಂದೆ ಬಂದು ನಿಂತಿದ್ದ. ಕೈಯಲ್ಲಿ ಚಹಾದ ಕಪ್ಪು, ಮುಖದಲ್ಲಿ ನಗು. “ನೀ ಅಂದಿದ್ದೆಲ್ಲೋ ದಾವಲಾ, ಗೀರು ಕಡಿಮಿ ಅದಾವು ಅಂತ. ನಿನ್ನೆ ಮಧ್ಯಾಹ್ನ ಕುಂತು ಹೊಡದೇನಿ. ಮುಂದಿನವು ಆಗಲಿಲ್ಲ, ಹಿಂದಿನವು ಎರಡೂ ಆದವು.”

ನನಗೆ ಸಿಟ್ಟು ಬಂದಿದ್ದರೆ ಚೆನ್ನಾಗಿತ್ತು, ಬರೀ ಹೆದರಿಕೆ ಬಂತು. ಕೈಯಲ್ಲಿನ ಎಳೆಯನ್ನು ಅವನ ಮುಂದೆ ಹಿಡಿದು, ಇದು ದಾರ ಉಸ್ತಾದ ಅಂದೆ. ಅವನು ಕಣ್ಣು ಹತ್ತಿರ ತಂದು ನೋಡಿದ. ಗೀರಿನೊಳಗೆ ದಾರ ಕಂಡರೆ ಏನರ್ಥ ಎಂದು ನನಗೆ ಕಲಿಸಿದವನೇ ಅವನು. ಕಪ್ಪನ್ನು ಕಿಟಕಿಯಲ್ಲಿಟ್ಟ. ನಡಿ ಅಂದವನೇ ನನಗಿಂತ ಮೊದಲು ಪಿಕಪ್ ಹತ್ತಿ ಕುಳಿತ.

ಫೋನ್ ಮಾಡಿದೆ. ರಿಂಗಾಗುತ್ತಿತ್ತು, ಎತ್ತಲಿಲ್ಲ. ಎತ್ತುವುದಿಲ್ಲವೆಂದು ಗೊತ್ತಿತ್ತು. ಗಾಡಿ ನಡೆಸುವಾಗ ಫೋನ್ ಬ್ಯಾಗಿನಲ್ಲಿ, ಬ್ಯಾಗು ಡಿಕ್ಕಿಯಲ್ಲಿ ಎಂಬುದು ಟ್ರ್ಯಾಕಿನಲ್ಲಿ ಅವಳು ಕಲಿತ ಶಿಸ್ತು, ಅದನ್ನು ಹೊಗಳಿದವನೂ ನಾನೇ. ತಾಯಿ ಫೋನ್ ಇಟ್ಟುಕೊಳ್ಳುವವಳಲ್ಲ. ಚಿಕ್ಕಮ್ಮನ ನಂಬರು ಯಾರ್ಡಿನಲ್ಲಿ ಯಾರ ಹತ್ತಿರವೂ ಇರಲಿಲ್ಲ. ಅಮೀನಗಡದಲ್ಲಿ ಗುರುತಿನ ಒಬ್ಬ ಟೈರಿನವನಿದ್ದ, ಅವನಿಗೆ ಫೋನ್ ಹಚ್ಚಿದೆ. ಹಳದಿ ಕಾರು ಕರದಂಟಿನ ಅಂಗಡಿಯ ಮುಂದೆ ನಿಂತಿತ್ತು, ಈಗಷ್ಟೇ ಹೋಯಿತು, ಏನು ಗಾಡಿರಿ ಅದು ಎಂದು ಅವನು ಖುಷಿಯಲ್ಲಿ ಹೇಳಿದ. ನನಗೆ ಅಳು ಬರುವುದೊಂದು ಬಾಕಿ.

ಇಳಕಲ್ಲಿನಿಂದ ಬಾದಾಮಿಗೆ ಹುನಗುಂದ, ಅಮೀನಗಡ, ಕಮತಗಿ, ಗುಳೇದಗುಡ್ಡ ಹಾಯ್ದು ಹೋದರೆ ಎಪ್ಪತ್ತು ಕಿಲೋಮೀಟರಿನ ಮೇಲೆ. ಜಿಟಿಜಿಟಿ ಮಳೆ ಇತ್ತು. ಮಳೆಗೆ ನಾನು ಯಾವತ್ತೂ ಅಷ್ಟು ಕೈ ಮುಗಿದಿಲ್ಲ. ರಸ್ತೆ ಒದ್ದೆಯಿದ್ದರೆ ಟೈರು ತಣ್ಣಗಿರುತ್ತದೆ, ಒದ್ದೆಯಲ್ಲಿ ಅರವತ್ತರ ಮೇಲೆ ಬಿಡಬೇಡ ಎಂದು ಬರೆದುಕೊಟ್ಟಿದ್ದೆ, ಪಕ್ಕದಲ್ಲಿ ತಾಯಿಯೂ ಇದ್ದಾಳೆ. ಇಷ್ಟೇ ನನ್ನ ಆಸರೆ. ತಾಯಿ ಇಳಿದ ಮೇಲೆ, ಮಳೆ ನಿಂತ ಮೇಲೆ, ಹುಬ್ಬಳ್ಳಿಯ ಆಚೆ ನಾಲ್ಕು ಪಥದ ರಸ್ತೆ ಸಿಕ್ಕ ಮೇಲೆ ಅವಳನ್ನು ಯಾರು ತಡೆಯುತ್ತಾರೆ?

ಪ್ರತಿ ತಿರುವಿನಲ್ಲೂ ಜನ ಗುಂಪುಗೂಡಿದ್ದು ಕಾಣುತ್ತದೆಂದು ಹೆದರುತ್ತಿದ್ದೆ. ಹುನಗುಂದ ದಾಟಿದ ಮೇಲೆ ಒಂದು ಕಡೆ ಖರೆಯೇ ಗುಂಪಿತ್ತು. ಗಾಡಿ ನಿಧಾನ ಮಾಡಿದೆ. ನೋಡಿದರೆ ಯಾರೋ ಮಾವಿನಹಣ್ಣಿನ ಗಾಡಿ ನಿಲ್ಲಿಸಿಕೊಂಡು ಮಾರುತ್ತಿದ್ದರು. ಉಸ್ತಾದ ರಸ್ತೆಯಂಚನ್ನೇ ನೋಡುತ್ತ ಕುಳಿತಿದ್ದ. ನಾನು ಮಾತ್ರ ಒಳಗೊಳಗೇ ಒಂದು ಸುಳ್ಳು ಹೊಸೆಯುತ್ತಿದ್ದೆ. ಕಂಪನಿಯ ಮಾಲಿನಲ್ಲೇ ದೋಷವಿತ್ತು, ಈಗ ತಿಳಿದುಬಂತು, ಬದಲಿಸಲು ಬಂದೆ ಎಂದು ಹೇಳಿಬಿಟ್ಟರೆ ಉಸ್ತಾದನ ಮಾನ ಉಳಿಯುತ್ತದೆ, ಬೋರ್ಡಿನ ಮೇಲಿನ ಮೂರಕ್ಷರವೂ ಉಳಿಯುತ್ತದೆ. ಅವಳು ಬದುಕಿದ್ದರೆ ಸಾಕು ಎನ್ನುತ್ತಲೇ ನನ್ನ ಅಂಗಡಿಯ ಹೆಸರನ್ನೂ ನೆನೆಯುತ್ತಿದ್ದೆ. ಮನುಷ್ಯನ ಹೆದರಿಕೆಯಲ್ಲೂ ಎಷ್ಟು ಲೆಕ್ಕಾಚಾರ ಇರುತ್ತದೆ ನೋಡಿ.

ಕಮತಗಿ ಬಿಟ್ಟು ಎರಡು ಮೈಲಿ ಹೋಗಿರಬೇಕು, ಯಮನಪ್ಪ ನನ್ನ ತೋಳು ಹಿಡಿದ. ರಸ್ತೆಯಂಚಿಗೆ ಕರ್ರಗೆ ಏನೋ ಬಿದ್ದಿತ್ತು. ಇಳಿದು ಎತ್ತಿಕೊಂಡು ಬಂದ. ಅಂಗೈಯಷ್ಟು ರಬ್ಬರಿನ ತುಂಡು. ಅದರ ಒಂದು ಬದಿ ಹರಿದಿತ್ತು, ಇನ್ನೊಂದು ಬದಿ ನೆಟ್ಟಗೆ, ನುಣ್ಣಗೆ ಇತ್ತು. ಅಷ್ಟು ನೆಟ್ಟಗೆ ಕೊರೆಯುವ ಕೈ ಈ ಜಿಲ್ಲೆಯಲ್ಲಿ ಒಂದೇ. “ನಂದ ಐತಿ,” ಅಂದ. ಆ ತುಂಡನ್ನು ಪಂಚೆಯ ಸೆರಗಿನಲ್ಲಿ ಸುತ್ತಿ ಮಡಿಲಲ್ಲಿ ಇಟ್ಟುಕೊಂಡ. ನಾನು ಗೇರ್ ಹಾಕಿ ಮತ್ತೆ ಹೊರಟೆ.

ಗುಳೇದಗುಡ್ಡದಲ್ಲಿ ಮಳೆ ನಿಂತಿತು. ಬಾದಾಮಿಯ ಗುಡ್ಡಗಳು ಕಾಣುವಷ್ಟರಲ್ಲಿ ಬಿಸಿಲು ಬಿತ್ತು, ರಸ್ತೆ ನೋಡನೋಡುತ್ತ ಒಣಗಿತು. ಬೇರೆ ದಿನವಾಗಿದ್ದರೆ ಆ ಕೆಂಪು ಬಂಡೆಗಳ ಮೇಲಿನ ಬೆಳಕನ್ನು ಚೆಂದ ಅನ್ನುತ್ತಿದ್ದೆ. ಅವತ್ತು ಬಿಸಿಲನ್ನು ಬೈದೆ.

ಚಿಕ್ಕಮ್ಮನ ಮನೆ ಬನಶಂಕರಿ ರಸ್ತೆಗೆ, ಒಮ್ಮೆ ಲಗ್ನಕ್ಕೆ ಹೋಗಿದ್ದ ನೆನಪು. ಹುಡುಕಿ ತಲುಪಿದಾಗ ಕಟ್ಟೆಯ ಮೇಲೆ ತಾಯಿ ಕುಳಿತು ಕರದಂಟಿನ ಡಬ್ಬಿ ಬಿಚ್ಚುತ್ತಿದ್ದಳು. ಕಾರು ಇರಲಿಲ್ಲ.

ಲೀಲವ್ವ ಎಲ್ಲಿ ಅಂದೆ. ಹತ್ತು ಮಿನಿಟಾಯಿತು ಹೋಗಿ, ನಾಷ್ಟಾ ಮಾಡು ಅಂದರೂ ನಿಲ್ಲಲಿಲ್ಲ ಎಂದಳು. ಆಮೇಲೆ ನಗುತ್ತ, “ನಾ ಬಾಜೂಕ ಕುಂತೇನಿ ಅಂತ ಐವತ್ತರ ಮ್ಯಾಲ ಬಿಟ್ಟಿಲ್ಲ ಅಕಿ. ಈಗ ನನ್ನ ಕಾಟ ತಪ್ಪಿತಲ್ಲ, ಬಾಣ ಬಿಟ್ಟಂಗ ಹೋಗತಾಳ ನೋಡ್ರಿ,” ಅಂದಳು.

ಗಾಳಿ ಚೆಕ್ ಮಾಡುವುದಿತ್ತು, ಮತ್ತೇನಿಲ್ಲ ಎಂದು ಹೇಳಿ ತಿರುಗಿದೆ. ಅವಳ ನಗುವಿನ ಎದುರು ಖರೆ ಹೇಳುವ ಧೈರ್ಯ ನನಗಾಗಲಿಲ್ಲ. ಗಾಡಿ ಹತ್ತುವಾಗ ಹಿಂದಿನಿಂದ ಇನ್ನೊಂದು ಮಾತು ಕೇಳಿಸಿತು: ಬರುವಾಗ ಸೀಟಿನ ಹಿಂದೆ ಗುರ್ ಗುರ್ ಅನ್ನುತ್ತಿತ್ತು, ಹೊಸ ಟೈರು ಹಾಗೇ ಅಂತ ಲೀಲಾ ಅಂದಳು, ಹೌದೇನು?

ಬಾದಾಮಿಯಿಂದ ಕುಳಗೇರಿ ಕ್ರಾಸಿಗೆ ಹೋಗುವ ದಾರಿ ಆ ದಿನ ನಾನು ಹೇಗೆ ಓಡಿಸಿದೆನೋ ಗೊತ್ತಿಲ್ಲ. ಪಿಕಪ್ಪಿನ ಹಿಂದೆ ರಸ್ತೆ ಟೈರುಗಳು ದಡಬಡ ಹೊರಳುತ್ತಿದ್ದವು. ಇಷ್ಟು ಹೊತ್ತು ನನಗೆ ಹೆದರಿಕೆ ಮಾತ್ರ ಇತ್ತು. ಈಗ ಅದು ಆಗಿಹೋಗಿದೆ ಎಂದೇ ಅನ್ನಿಸತೊಡಗಿತು. ತಾಯಿಗೆ ಏನು ಹೇಳಬೇಕು, ಯಾರು ಹೇಳಬೇಕು ಎಂದು ಯೋಚಿಸುವ ಮಟ್ಟಕ್ಕೆ ಮುಟ್ಟಿದ್ದೆ. ಉಸ್ತಾದ ಕಣ್ಣು ಮುಚ್ಚಿ ತುಟಿ ಆಡಿಸುತ್ತಿದ್ದ. ನಾನೂ ಅಲ್ಲಾನ ಹೆಸರು ಬಿಡಲಿಲ್ಲ.

ಕ್ರಾಸಿಗೆ ಅರ್ಧ ಮೈಲಿ ಇರುವಾಗ ಹಳದಿ ಕಂಡಿತು. ನಿಂತಿತ್ತು. ನಾಲ್ಕು ಗಾಲಿಯ ಮೇಲೆ, ನೆಟ್ಟಗೆ, ಪಂಕ್ಚರ್ ಅಂಗಡಿಯ ತಗಡಿನ ನೆರಳಿನಲ್ಲಿ ನಿಂತಿತ್ತು.

ಪಿಕಪ್ ನಿಲ್ಲಿಸಿ ಇಳಿದೆ. ಲೀಲವ್ವ ಕಾರಿನ ಪಕ್ಕದಲ್ಲಿ ನಿಂತಿದ್ದಳು. ಪಂಕ್ಚರಿನವನು ಹಿಂದಿನ ಎಡಗಾಲಿಯ ಮುಂದೆ ಕುಕ್ಕರಗಾಲಲ್ಲಿ ಕುಳಿತು ಗಾಳಿಯ ಪೈಪನ್ನು ವಾಲ್ವಿಗೆ ಹಚ್ಚಿದ್ದ. ಆಗಲೇ ಕಂಪ್ರೆಸರಿನ ಸದ್ದು ಬರುತ್ತಿತ್ತು. ಗಾಳಿ ಮೂವತ್ತೇ ಐತಿ, ನಲವತ್ತೈದು ಮಾಡಿ ಗಟ್ಟಿ ಮಾಡಿದರೆ ನಡುಕ ನಿಲ್ಲುತ್ತದೆ ಎಂದು ಅವಳಿಗೆ ವಿವರಿಸುತ್ತಿದ್ದ. ನಮ್ಮ ಕಡೆ ಟೈರಿಗೆ ಏನೇ ಆದರೂ ಮದ್ದು ಅದೊಂದೇ. ನಾನು ಹೋಗಿ ಅವನ ಕೈ ಮೇಲೆ ಕೈ ಇಟ್ಟು ಪೈಪು ಕಿತ್ತೆ. “ಅತ್ತಾಗ ಸರೀರಿ, ಅದರ ಮುಂದ ಕುಂದರಬ್ಯಾಡ್ರಿ,” ಅಂದೆ. ನನ್ನ ದನಿ ಕೇಳಿಯೇ ಅವನು ಎದ್ದು ದೂರ ಹೋದ.

ಗಾಳಿ ಇಳಿಸುವ ತನಕ ಯಾರನ್ನೂ ಹತ್ತಿರ ಬಿಡಲಿಲ್ಲ. ಆಮೇಲೆ ಜಾಕ್ ಕೊಟ್ಟು ಗಾಲಿ ತಿರುಗಿಸಿದೆ. ಹೊರಗಿನ ಅಂಚಿನಲ್ಲಿ ಯಮನಪ್ಪನ ಹೊಸ ಗೀರುಗಳು ಒಂದೇ ಅಳತೆಯಲ್ಲಿ ಸಾಲಾಗಿದ್ದವು. ಒಂದು ಕಡೆ ಎರಡು ಗೀರುಗಳ ನಡುವಿನ ರಬ್ಬರೇ ಇರಲಿಲ್ಲ. ಬಿಳಿ ದಾರಗಳು ಕಿತ್ತು ಹೊರಗೆ ಬಂದಿದ್ದವು, ಅವುಗಳಡಿ ಉಕ್ಕಿನ ತಂತಿ ಹೊಳೆಯುತ್ತಿತ್ತು. ಅದರ ಪಕ್ಕಕ್ಕೆ ಟ್ರೆಡ್ ಉಬ್ಬಿತ್ತು, ಅರ್ಧ ಕೊಬ್ಬರಿ ಬಟ್ಟಲು ಬೋರಲು ಹಾಕಿದಷ್ಟು. ಗಾಳಿ ಇಳಿಸಿದರೂ ಆ ಉಬ್ಬು ಪೂರ್ತಿ ಕೂರಲಿಲ್ಲ. ಬಲಗಾಲಿಯಲ್ಲಿ ಉಬ್ಬು ಇನ್ನೂ ಎದ್ದಿರಲಿಲ್ಲ, ದಾರ ಮಾತ್ರ ಕಂಡಿತ್ತು.

ಲೀಲವ್ವ ಹೇಳಿದ್ದಿಷ್ಟು: ಬಾದಾಮಿ ದಾಟಿ ತೊಂಬತ್ತಕ್ಕೆ ಬಂದಾಗ ಸೀಟಿನ ಕೆಳಗೆ ನಡುಕ ಶುರುವಾಯಿತು. ನೂರಕ್ಕೆ ಹೋದರೆ ನಿಂತೀತೇನೋ ಎಂದು ಒಮ್ಮೆ ಅನ್ನಿಸಿತಂತೆ. ಆದರೆ ಸೀಟು ಹೇಳಿದ್ದನ್ನು ಕೇಳಬೇಕು, ನಡುಕವನ್ನು ವೇಗದಿಂದ ದಾಟಬಾರದು ಎಂದು ತರಬೇತುದಾರ ಕಲಿಸಿದ್ದ. ಎಕ್ಸಿಲರೇಟರಿನಿಂದ ಕಾಲು ಎತ್ತಿದಳು. ಅಷ್ಟೇ. ನನ್ನ ಚೀಟಿಯೂ ಅಲ್ಲ, ನನ್ನ ಓಟವೂ ಅಲ್ಲ, ಅವಳು ಕಾಲು ಎತ್ತಿದ್ದು ಅವಳನ್ನು ಉಳಿಸಿತು.

ಏನಾಯ್ತು ಕಾಕಾ ಎಂದು ಅವಳು ನನ್ನನ್ನು ಕೇಳಿದಳು. ಹೊಸೆದಿಟ್ಟ ಸುಳ್ಳು ನಾಲಿಗೆಯ ತುದಿಗೆ ಬಂದಿತ್ತು. ಬಾಯಿ ತೆರೆಯುವಷ್ಟರಲ್ಲಿ ಯಮನಪ್ಪ ಮುಂದೆ ಬಂದ. ಮಡಿಲಿನ ತುಂಡನ್ನು ಬಿಚ್ಚಿ ಅವಳ ಮುಂದೆ ಹಿಡಿದ.

“ಲೀಲವ್ವಾ, ಇದು ನನ್ನ ಕೈಯಾಗಿನ ಕೆಲಸ. ನಿಂಗ ಮಳ್ಯಾಗ ಜಾರಬಾರದು ಅಂತ ನಾನ ಕೊರದೇನಿ.”

ಅವಳು ತುಂಡನ್ನು ತೆಗೆದುಕೊಂಡಳು. ಟೈರಿನ ಖಾಲಿ ಜಾಗಕ್ಕೆ ಹಿಡಿದು ನೋಡಿದಳು. ಅದು ಸರಿಯಾಗಿ ಕೂತಿತು. ಅದನ್ನು ಹಿಡಿದುಕೊಂಡೇ ಅಂಗಡಿಯ ಕಲ್ಲಿನ ಮೇಲೆ ಕುಳಿತಳು.

“ಅವ್ವ ಬಾಜೂಕ ಕುಂತಿದ್ಲು ಅಜ್ಜಾ,” ಅಂದಳು. ಬೈದಿದ್ದರೆ ತಡೆದುಕೊಳ್ಳಬಹುದಿತ್ತು.

ನಾನು ಆಗ ಹೇಳಿದೆ. ಶನಿವಾರ ಬಾಕಿನ ಮುಂದೆ ನಾನು ಅಂದ ಮಾತು, ಅದನ್ನು ಉಸ್ತಾದ ಅಪ್ಪಣೆ ಎಂದುಕೊಂಡದ್ದು, ದಾರಿಯಲ್ಲಿ ನಾನು ಹೊಸೆದ ಸುಳ್ಳು, ಎಲ್ಲ. ಹೇಳಿ ಮುಗಿಸಿ ಸುಮ್ಮನೆ ಬಗ್ಗಿ ರಸ್ತೆ ಟೈರುಗಳನ್ನು ಇಳಿಸಿದೆ. ಮೂವರೂ ಸೇರಿ ನಾಲ್ಕೂ ಗಾಲಿ ಬದಲಿಸಿದೆವು. ಪಂಕ್ಚರಿನವನು ಬಂದು ನಟ್ಟು ಬಿಗಿಯಲು ಕೈ ಹಾಕಿದ. ಲೀಲವ್ವ ಹುಬ್ಬಳ್ಳಿಗೆ ಹೋಗಲಿಲ್ಲ; ಬಾದಾಮಿಗೆ ತಿರುಗಿದಳು. ತಾಯಿಯ ಜೊತೆ ಕುಳಿತು ನಾಷ್ಟಾ ಮಾಡಿದಳಂತೆ, ಯಾಕೆ ಬಂದೆ ಎಂದು ಕೇಳಿದ್ದಕ್ಕೆ ಹಸಿವಾಯಿತು ಅಂದಳಂತೆ. ತಾಯಿಗೆ ಇವತ್ತಿಗೂ ವಿಷಯ ಪೂರ್ತಿ ಗೊತ್ತಿಲ್ಲ.

ವಾಪಸು ಬರುವಾಗ ಗುಳೇದಗುಡ್ಡದ ಹತ್ತಿರ ಉಸ್ತಾದ ಕೇಳಿದ. “ಇದಕ್ಕ ಗೀರು ಹೊಡೀಬಾರದು ಅಂತ ಆ ಟೈರಿನ ಮ್ಯಾಲ ಬರದಿತ್ತೇನು?”

ಬರೆದಿತ್ತು, ಒಂದು ರೀತಿಯಲ್ಲಿ. ಕೊರೆಯಬಹುದಾದ ಲಾರಿ ಟೈರಿನ ಬದಿಗೆ ಹಾಗೆಂದು ಇಂಗ್ಲಿಷಿನಲ್ಲಿ ಅಚ್ಚು ಹಾಕಿರುತ್ತಾರೆ. ಅದು ಇಲ್ಲವೆಂದರೆ ಮುಟ್ಟಬಾರದು. ಟ್ರೆಡ್ಡಿನಡಿ ಉಕ್ಕು ಎಷ್ಟು ಪದರ, ನೈಲಾನ್ ಎಷ್ಟು ಪದರ ಎಂದೂ ಬದಿಯಲ್ಲೇ ಬರೆದಿರುತ್ತದೆ. ಇದನ್ನೆಲ್ಲ ಅವನಿಗೆ ಹೇಳಿದೆ.

“ನಾಕ ಅಕ್ಷರಾ ಕಲತು ಬಂದಿ. ಅಷ್ಟ ವರ್ಷ ನನ್ನ ಬಾಜೂಕ ಕುಂತು ಚಹಾ ಕುಡದಿ. ಒಮ್ಮೆರೆ ನಂಗ ಓದಿ ಹೇಳಿದ್ದೇನು ದಾವಲಾ?”

ಅವನ ಕೈಗೆ ಎಲ್ಲ ಗೊತ್ತು, ಹೇಳಿದರೆ ಅವಮಾನ ಎಂದು ನಾನು ಭಾವಿಸಿಕೊಂಡಿದ್ದೆ. ಖರೆ ಹೇಳಬೇಕೆಂದರೆ ಅದೂ ಪೂರ್ತಿ ಖರೆಯಲ್ಲ. ಓದಲು ಬರುವವನು ನಾನೊಬ್ಬನೇ ಆಗಿರುವುದು ನನಗೆ ಹಿತವಾಗಿತ್ತು.

ಮೂವತ್ತೊಂದು ವರ್ಷದಲ್ಲಿ ಈ ಕಸುಬು ಕಲಿಸದೆ ಬಿಟ್ಟದ್ದನ್ನು ಆ ಸೋಮವಾರ ಕಲಿಸಿತು. ಟೈರ್ ಆರಿಸುವಾಗ ನಾನು ರಸ್ತೆ ನೋಡಿದ್ದೆ, ಟ್ರ್ಯಾಕ್ ನೋಡಿದ್ದೆ, ಬಿಸಿಲು, ಮಳೆ, ಭಾರ, ವೇಗ ಎಲ್ಲ ನೋಡಿದ್ದೆ. ಆ ಟೈರನ್ನು ಪ್ರೀತಿಯಿಂದ ಮುಟ್ಟುವ ಕೈಗಳು ಯಾವುವು ಎಂದು ನೋಡಿರಲಿಲ್ಲ. ಯಾರ್ಡಿನವನು, ಗಾಳಿ ಹಾಕುವವನು, ತೊಳೆಯುವವನು, ಇವರೆಲ್ಲರಿಗೂ ಗೊತ್ತಾಗುವ ತನಕ ನನ್ನ ಸಲಹೆ ಮುಗಿದಿರುವುದಿಲ್ಲ. ಲೀಲವ್ವ ಮುಂದಿನ ಸೆಟ್ ಆರಿಸಲು ಬಂದಾಗ ಉಸ್ತಾದನನ್ನು ಕರೆದುಕೊಂಡೇ ಬಂದಳು. ಈಗ ಅವಳ ಟ್ರ್ಯಾಕ್ ಟೈರು ಬೇರೆ, ರಸ್ತೆ ಟೈರು ಬೇರೆ. ಟ್ರ್ಯಾಕಿನವು ಯಾರ್ಡಿನ ಲಾರಿಯಲ್ಲಿ ಮೊದಲೇ ಹುಬ್ಬಳ್ಳಿ ಹಾಯ್ದು ಕೊಯಮತ್ತೂರಿಗೆ ಹೋಗುತ್ತವೆ.

ಗೀರು ಹೊಡೆಯುವ ಬ್ಲೇಡನ್ನು ಯಮನಪ್ಪ ಬಿಟ್ಟಿಲ್ಲ. ಬಿಡು ಎಂದು ನಾವೂ ಹೇಳಿಲ್ಲ, ಲಾರಿಗಳು ಇನ್ನೂ ಬರುತ್ತವೆ. ಆದರೆ ಬ್ಲೇಡು ಕಾಯಿಸುವ ಮೊದಲು ಅವನು ಆ ಟೈರಿನ ಬದಿಯನ್ನು ಬಟ್ಟೆಯಿಂದ ಒರೆಸಿ, ಫೋಟೊ ತೆಗೆದು ನನಗೆ ಕಳಿಸುತ್ತಾನೆ. ಹಿಂದೆಯೇ ಫೋನ್ ಬರುತ್ತದೆ. ನಮಸ್ಕಾರವಿಲ್ಲ, ಕುಶಲವಿಲ್ಲ, “ಓದು” ಎನ್ನುತ್ತಾನೆ. ಕೈಯಲ್ಲಿ ಯಾರ ಕೆಲಸವಿದ್ದರೂ ಬಿಟ್ಟು, ಮೊದಲ ಅಕ್ಷರದಿಂದ ಕೊನೆಯ ಅಂಕಿಯ ತನಕ, ನಾನು ಓದುತ್ತೇನೆ.